ನದಿ ಮಾಡದ ಕೆಲಸ

ಟೋಕಿಯೋ, ನೆರಿಮಾ
2018 ಏಪ್ರಿಲ್ 9

ಪ್ರಿಯ ನಾಚ್ಚಾನ್,

ಇಲ್ಲಿ ಚೆರ್ರಿ ಹೂವೆಲ್ಲ ಉದುರಿ ಮನೆ ಮುಂದಿನ ಚರಂಡಿ ಕಟ್ಟಿಕೊಂಡಿದೆ. ನಿಮ್ಮ ಯುನೊಸವಾದಲ್ಲಿ ಮಾಡಿನ ಮೇಲಿನ ಹಿಮ ಇನ್ನೂ ಜಾರಿರಲಿಕ್ಕಿಲ್ಲ. ನಿನ್ನಮ್ಮ ಫುಸಾ ಅತ್ತೆ ಹೇಗಿದ್ದಾರೆ? ಹೋಟೆಲು ನಡೆಯುತ್ತಿದೆಯೇ? ಎಷ್ಟೋ ವರ್ಷ ಹೊಸ ವರ್ಷದ ಕಾರ್ಡು ಬಿಟ್ಟರೆ ಬೇರೇನೂ ಬರೆಯದವಳು ಈಗ ಇದ್ದಕ್ಕಿದ್ದಂತೆ ಬರೆಯುತ್ತಿದ್ದಾಳೆಂದರೆ ಏನೋ ಕೆಲಸವಿರಬೇಕು ಎಂದು ನೀನು ಅಂದುಕೊಂಡಿರುತ್ತೀಯ. ಹೌದು, ಕೆಲಸವಿದೆ.

ನನ್ನ ಕಾದಂಬರಿ ‘ಕೆಳಗಿನ ಊರು’ ಮುಂದಿನ ಚಳಿಗಾಲದಲ್ಲಿ ಅಗ್ಗದ ಆವೃತ್ತಿಯಾಗಿ ಬರುತ್ತಿದೆ. ಬಹುಮಾನ ಬಂದ ಮೇಲೆ ಓದುಗರು ಒಂದೇ ಪ್ರಶ್ನೆ ಕೇಳುತ್ತಾರಂತೆ: ಇದೆಲ್ಲ ಎಲ್ಲಿಂದ ಬಂತು? ಗಣಿಯೊಳಗೆ ಉಳಿದ ಗಂಡಸರು ನೆಲದಡಿಯಲ್ಲೇ ಊರು ಕಟ್ಟಿಕೊಂಡು ಅಡುಗೆ ಮಾಡುವುದು, ಆ ಅಡುಗೆಯ ಹಬೆ ಚಳಿಗಾಲದಲ್ಲಿ ಹಿಮದ ಬಿರುಕುಗಳಿಂದ ಮೇಲೆ ಬರುವುದು, ಹೆಂಗಸರು ಹಗ್ಗ ಕಟ್ಟಿ ಬುತ್ತಿ ಇಳಿಸುವುದು? ನನ್ನ ಸಂಪಾದಕ ಮುನೆಕಾತಾ ಅವರು ಪುಸ್ತಕದ ಕೊನೆಗೆ ಹತ್ತು ಪುಟ ಬರೆಯಿರಿ ಎಂದು ಹಿಂದೆ ಬಿದ್ದಿದ್ದಾರೆ. ಕಾದಂಬರಿಯ ಹಿನ್ನೆಲೆ, ಸಂದರ್ಭ, ಹೀಗೆ. ನಮ್ಮೂರಿನ ಬಗ್ಗೆ, 1979ರ ಅಪಘಾತದ ಬಗ್ಗೆ. ನಿಮ್ಮ ಮನೆಯ ವಿಷಯ ಬರುವುದರಿಂದ ನಿನ್ನ ಒಪ್ಪಿಗೆ ಕೇಳದೆ ಬರೆಯಬಾರದು ಅನ್ನಿಸಿತು. ನಿನ್ನ ಅಪ್ಪನ ಹೆಸರು ಹಾಕಬಹುದೇ?

ಪುಸ್ತಕ ಓದಿದ್ದೀಯ ಎಂದುಕೊಂಡಿದ್ದೇನೆ. ಹೇಗನ್ನಿಸಿತು ಎಂದು ನೀನು ಬರೆಯಲೇ ಇಲ್ಲ.

ನಿನ್ನ
ರಿತ್ಸುಕೊ


ಯುನೊಸವಾ
ಮೇ 2

ತೆರಾಶಿಮಾ ರಿತ್ಸುಕೊ ಅವರಿಗೆ,

ಲಕೋಟೆಯ ಮೇಲೆ ಹಾಗೆ ಬರೆದರೆ ಒಳಗೂ ಹಾಗೇ ಬರೆಯಬೇಕಾಗುತ್ತದೆ. ಆಗುವುದಿಲ್ಲ. ರಿಚ್ಚಾನ್, ಕೇಳು.

ಪುಸ್ತಕ ಓದಿದ್ದೇನೆ. ಒಂದಲ್ಲ, ಎರಡು ಸಲ. ಎರಡನೆಯ ಸಲ ಗೋಡೆಗೆ ಎಸೆದೆ. ಉಪ್ಪಿನಕಾಯಿ ಜಾಡಿಗೆ ತಗಲಿ ಮುಖಪುಟಕ್ಕೆ ಕಲೆಯಾಗಿದೆ.

ಹೋಟೆಲು ಹೇಗೆ ನಡೆಯುತ್ತಿದೆ ಎಂದು ಕೇಳಿದ್ದೀಯ. ನಿನ್ನ ದಯದಿಂದ ಚೆನ್ನಾಗಿ ನಡೆಯುತ್ತಿದೆ. ವಾರದ ಕೊನೆಗೆ ಸಪ್ಪೊರೊದಿಂದ, ಟೋಕಿಯೋದಿಂದ ನಿನ್ನ ಓದುಗರು ಬರುತ್ತಾರೆ. ಮುಚ್ಚಿದ ಗಣಿಯ ಹತ್ತಿರ ಮಂಡಿಯೂರಿ ನೆಲಕ್ಕೆ ಕಿವಿ ಹಚ್ಚುತ್ತಾರೆ. ಆಮೇಲೆ ನನ್ನ ಹೋಟೆಲಿಗೆ ಬಂದು, ಕೆನ್ನೆಯ ಮೇಲಿನ ಮಣ್ಣನ್ನೂ ಒರೆಸಿಕೊಳ್ಳದೆ, ಮಿಸೊ ರಾಮೆನ್ ತಿನ್ನುತ್ತಾರೆ. ಹೋದ ಭಾನುವಾರ ಒಬ್ಬಳು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದಳು: “ಅಕ್ಕಾ, ನಿಮಗೂ ಅವರ ಸದ್ದು ಕೇಳ್ಸತ್ತಾ?” “ನಂಗೆ ಫ್ರಿಜ್ ಸದ್ದು ಕೇಳ್ಸತ್ತೆ, ರಿಪೇರಿಯವ್ನು ಬರೋ ತಿಂಗಳು ಬರ್ತೀನಿ ಅಂದಿದ್ದಾನೆ” ಅಂದೆ. ಅವಳು ಅದನ್ನೂ ಬರೆದುಕೊಂಡಳು.

ಅದನ್ನೆಲ್ಲ ಸಹಿಸಿಕೊಳ್ಳಬಹುದು. ಹೊಟ್ಟೆಪಾಡು. ಆದರೆ ನಿನ್ನ ಏಳನೆಯ ಅಧ್ಯಾಯ ಇದೆಯಲ್ಲ, ಅದನ್ನು ಸಹಿಸಿಕೊಳ್ಳಲಾರೆ. ‘ಒಂದು ಮುಂಜಾನೆ ಯುನೊ ನದಿ ತನ್ನ ಪಾತ್ರ ಬಿಟ್ಟು ಎದ್ದು, ಊರಿನ ಬೀದಿಯಲ್ಲಿ ನಡೆದು, ತಾನಾಗಿಯೇ ಗಣಿಯ ಬಾಯೊಳಗೆ ಇಳಿಯಿತು.’ ಎಷ್ಟು ಚೆನ್ನಾಗಿದೆ! ಬಹುಮಾನ ಕೊಟ್ಟವರು ಇದೇ ಸಾಲನ್ನು ಎತ್ತಿ ಹೊಗಳಿದ್ದನ್ನು ಪೇಪರಿನಲ್ಲಿ ಓದಿದೆ.

ನದಿ ಬರಲಿಲ್ಲ, ರಿಚ್ಚಾನ್. ನದಿಗೆ ನಮ್ಮ ಮೇಲೆ ಏನು ದ್ವೇಷ? ಗಣಿಯಲ್ಲಿ ಅನಿಲ ಸಿಡಿದು ಬೆಂಕಿ ಹತ್ತಿತು. ಅಪ್ಪ ಮತ್ತು ಉಳಿದವರು ಒಳಗಿದ್ದರು. ಅವರನ್ನು ಕಾಪಾಡಲು ಇಳಿದ ಮೊದಲ ತಂಡವೇ ವಾಪಸು ಬರಲಿಲ್ಲ. ಬೆಂಕಿ ಆರದಿದ್ದರೆ ಇಡೀ ಗಣಿ ಹೋಗುತ್ತದೆ ಎಂದು ಕಂಪನಿಯವರು ನದಿಯಿಂದ ಕೊಳವೆ ಎಳೆದು ನೀರು ತುಂಬಿಸಿದರು. ಒಳಗಿನವರು ಸತ್ತಿದ್ದಾರೋ ಇದ್ದಾರೋ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಹೆಂಡಂದಿರ ಒಪ್ಪಿಗೆ ಬೇಕಾಯಿತು. ಕಾಗದ ಹಿಡಿದು ಮನೆ ಮನೆಗೆ ಬಂದವರು ಯಾರು? ಕಾರ್ಮಿಕ ವಿಭಾಗದ ತೆರಾಶಿಮಾ. ನಿನ್ನಪ್ಪ. ನಾನು ಒಳಕೋಣೆಯಲ್ಲಿ ತಮ್ಮನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಚೌಕಟ್ಟಿಗೆ ತೆಳು ಕಾಗದ ಹಚ್ಚಿದ ಬಾಗಿಲ ಮೇಲೆ ಅವರ ನೆರಳು ಬಿದ್ದಿತ್ತು. ಅಮ್ಮ ಸಹಿಯ ಜಾಗದಲ್ಲಿ ಮೊಹರು ಒತ್ತಿದಳು.

ಇದು ಊರಿಗೆಲ್ಲ ಗೊತ್ತು. ನಿನಗೂ ಗೊತ್ತು. ಆದರೆ ನಿನ್ನ ಪುಸ್ತಕದಲ್ಲಿ ಕಂಪನಿಯೂ ಇಲ್ಲ, ಕಾಗದವೂ ಇಲ್ಲ, ನಿನ್ನಪ್ಪನೂ ಇಲ್ಲ. ಪಾಪ, ಬಾಯಿಲ್ಲದ ನದಿಯ ತಲೆಗೆ ಎಲ್ಲವನ್ನೂ ಕಟ್ಟಿದ್ದೀಯ.

ಹಿನ್ನೆಲೆ ಬೇಕೋ? ಇದನ್ನು ಬರೆ. ಇದನ್ನು ಬರೆಯದಿದ್ದರೆ ಅಪ್ಪನ ಹೆಸರು ಹಾಕಬೇಡ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಸುಮ್ಮನಾಗಿಬಿಡುತ್ತೇನೆ. ಚಿಕ್ಕಂದಿನಿಂದಲೂ ಅದೇ ಆಗಿದೆ.

ಇಗಾರಾಶಿ ನಾತ್ಸುಯೊ


ಟೋಕಿಯೋ
ಮೇ 20

ನಾಚ್ಚಾನ್,

ಅಳಲಿಲ್ಲ. ಸಿಟ್ಟು ಬಂತು. ಅದಕ್ಕೇ ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ.

ಕಾದಂಬರಿ ಎಂದರೆ ವರದಿಯಲ್ಲ. ವರದಿಗಳು ಆ ವರ್ಷವೇ ರಾಶಿ ಬಂದವು, ಇವತ್ತು ಅವನ್ನು ಓದುವವರು ಯಾರು? ನಿನ್ನ ಅಪ್ಪ ಇವತ್ತು ಓದುಗರ ಮನಸ್ಸಿನಲ್ಲಿ ಒಲೆ ಹೊತ್ತಿಸುತ್ತಿದ್ದಾರೆ, ಸೊಪ್ಪು ಹೆಚ್ಚುತ್ತಿದ್ದಾರೆ, ಜೋಕು ಹೇಳುತ್ತಿದ್ದಾರೆ. ಅವರನ್ನು ಅಪಘಾತದ ಪಟ್ಟಿಯಿಂದ ಎತ್ತಿ ಮನುಷ್ಯನಾಗಿ ಮಾಡಿದ್ದು ಆ ಪುಸ್ತಕ. ನದಿ ನಡೆದು ಬಂತು ಎಂದು ಬರೆದರೆ ಯಾರೂ ಅದನ್ನು ನಿಜವೆಂದು ನಂಬುವುದಿಲ್ಲ, ಅದರ ಹಿಂದೆ ಏನೋ ಇದೆ ಎಂದು ಅವರಿಗೇ ತಿಳಿಯುತ್ತದೆ. ನಾನು ಬರೆಯುವ ಬಗೆಯೇ ಅದು.

ಅಪ್ಪನ ಬಗ್ಗೆ ಬರೆ ಎನ್ನುತ್ತೀಯ. ಅವರಿಗೆ ಎಂಬತ್ತನಾಲ್ಕು. ಸಪ್ಪೊರೊದಲ್ಲಿ ವೃದ್ಧರ ಆರೈಕೆ ಮನೆಯಲ್ಲಿದ್ದಾರೆ. ಮಾತು ಕಮ್ಮಿ. ಹೋದರೆ ಟೀವಿಯಲ್ಲಿ ಬೇಸ್‌ಬಾಲ್ ನೋಡುತ್ತಿರುತ್ತಾರೆ, ಬಂದೆಯಾ ಎನ್ನುತ್ತಾರೆ, ಹೊರಟಾಗ ಹೊರಟೆಯಾ ಎನ್ನುತ್ತಾರೆ. ಆ ಮನುಷ್ಯ ಕಂಪನಿಯ ಮಾಲೀಕನಲ್ಲ. ಹೇಳಿದ ಕೆಲಸ ಮಾಡಿದ ಸಂಬಳದವನು. ಅವರನ್ನು ಈಗ ಹತ್ತು ಪುಟದಲ್ಲಿ ಬೀದಿಗೆ ಎಳೆದರೆ ಯಾರಿಗೆ ಏನು ಸಿಗುತ್ತದೆ?

ನೀನು ಹೇಳುವುದು ತಪ್ಪು ಎನ್ನುತ್ತಿಲ್ಲ. ಆದರೆ ನನ್ನಿಂದ ಏನು ಬೇಕು ನಿನಗೆ? ಅದನ್ನಾದರೂ ಸ್ಪಷ್ಟವಾಗಿ ಬರೆ.

ರಿತ್ಸುಕೊ


ಯುನೊಸವಾ
ಜೂನ್ 14

ರಿಚ್ಚಾನ್,

ಏನು ಬೇಕೆಂದು ಸ್ಪಷ್ಟವಾಗಿ ಬರೆಯಲು ಮೂರು ಸಲ ಕೂತೆ. ಆಗಲಿಲ್ಲ. ಅಷ್ಟರಲ್ಲಿ ಇಲ್ಲಿ ಒಂದು ಸಂಗತಿಯಾಗಿದೆ.

ಅಮ್ಮನ ಕಣ್ಣು ಮಂಜಾಗಿದೆ, ಓದಲು ಆಗುವುದಿಲ್ಲ. ಹೋಟೆಲಿಗೆ ಬರುವ ನಿನ್ನ ಓದುಗರಲ್ಲಿ ಒಬ್ಬ ನಿವೃತ್ತ ಮೇಷ್ಟರು ಅವಳ ಪಕ್ಕ ಕೂತು ಪುಸ್ತಕವನ್ನು ಗಟ್ಟಿಯಾಗಿ ಓದತೊಡಗಿದ್ದರು. ನನಗೆ ಅಡುಗೆಮನೆಯಲ್ಲಿ ಕೈತುಂಬ ಕೆಲಸ, ಗಮನ ಹೋಗಲಿಲ್ಲ. ಏಳನೆಯ ಅಧ್ಯಾಯವೂ ಮುಗಿದಿದೆ.

ಅವತ್ತಿನಿಂದ ಅಮ್ಮ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾಳೆ.

ಇದರ ಅರ್ಥ ನಿನಗೆ ಗೊತ್ತಾಗುವುದಿಲ್ಲ. ಹೇಳುತ್ತೇನೆ. ಅವತ್ತು ಕಾಗದ ಬಂದ ಮೊದಲ ಮನೆ ನಮ್ಮದು. ‘ಇಗಾರಾಶಿಯವರು ಒತ್ತಿದ್ದಾರೆ’ ಎಂದು ತೋರಿಸಿ ಉಳಿದವರಿಂದ ಒತ್ತಿಸಿದರು. ತಾನು ಒಲ್ಲೆ ಎಂದಿದ್ದರೆ ಯಾರೂ ಒತ್ತುತ್ತಿರಲಿಲ್ಲ, ನೀರು ಬರುತ್ತಿರಲಿಲ್ಲ, ಇನ್ನೊಂದು ತಂಡ ಇಳಿಯುತ್ತಿತ್ತೋ ಏನೋ ಎಂಬುದು ಅವಳ ತಲೆಯಲ್ಲಿ ಕೂತಿದೆ. ಆಮೇಲೆ ಮೂವತ್ತೊಂಬತ್ತು ವರ್ಷ ಅಪ್ಪನ ಬಗ್ಗೆ ಅವಳು ಒಂದು ಮಾತಾಡಿಲ್ಲ. ಪಟದ ಮುಂದೆ ಅನ್ನ ಇಡುತ್ತಾಳೆ, ಮುಖ ನೋಡುವುದಿಲ್ಲ. ಅವರ ಧ್ವನಿ ಹೇಗಿತ್ತು ಎಂದು ತಮ್ಮ ಒಮ್ಮೆ ಕೇಳಿದ್ದಕ್ಕೆ ಎದ್ದು ಹೊರಗೆ ಹೋದಳು.

ಈಗ ಹೋದ ವಾರ ಬೆಳಿಗ್ಗೆ, ಆಲೂಗಡ್ಡೆ ಸುಲಿಯುತ್ತಾ ಹೇಳುತ್ತಾಳೆ: “ನದಿ ತಾನೇ ಬಂದಿದ್ದಲ್ವೇನೇ ನಾತ್ಸುಯೊ. ನದಿ ಬಂದ್ರೆ ಯಾರು ತಡೀತಾರೆ.”

“ಅಮ್ಮ, ಅದು ಕಥೆ.”

“ಮೇಷ್ಟ್ರು ಓದಿದ್ರು. ಅಚ್ಚಾಗಿದೆ.”

“ರಿಚ್ಚಾನ್ ಕಟ್ಟಿದ ಕಥೆ ಅಮ್ಮ ಅದು!”

“ಆ ಹುಡುಗಿ ಸುಳ್ಳು ಹೇಳಲ್ಲ ಬಿಡು,” ಎಂದಳು. ಮುಖದಲ್ಲಿ ನಗು. ನನಗೆ ಕೈಲಿದ್ದ ಸೌಟನ್ನು ನಿನ್ನ ತಲೆಯ ಮೇಲೆ ಹಾಕಬೇಕೆನ್ನಿಸಿತು. ನೀನಿರಲಿಲ್ಲ, ಪಾತ್ರೆಯ ಮೇಲೆ ಹಾಕಿದೆ.

ಈಗ ನಾನೇನು ಬರೆಯಲಿ? ನಿಜ ಬರೆ ಎಂದೆ. ನಿಜ ಅಚ್ಚಾಗಿ ಬಂದರೆ ಮೇಷ್ಟರು ಅದನ್ನೂ ಓದಿ ಹೇಳುತ್ತಾರೆ. ಬರೆಯಬೇಡ ಎಂದರೆ ನನ್ನ ಅಪ್ಪನನ್ನು ನದಿ ಕೊಂದಂತಾಗುತ್ತದೆ. ಎರಡೂ ನನಗೆ ಬೇಡ. ನೀನು ಈ ಪುಸ್ತಕ ಬರೆಯದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ನಾತ್ಸುಯೊ


ಟೋಕಿಯೋ
ಆಗಸ್ಟ್ 27

ನಾಚ್ಚಾನ್,

ಓಬೊನ್ ಹಬ್ಬಕ್ಕೆ ಸಪ್ಪೊರೊಗೆ ಹೋಗಿದ್ದೆ. ಅಲ್ಲಿ ನಿಮ್ಮೂರಿನ ಬಸ್ಸು ಹೊರಡುವ ನಿಲ್ದಾಣದವರೆಗೂ ಹೋಗಿ ಬಸ್ಸು ಹತ್ತದೆ ತಿರುಗಿದೆ. ಅದು ಇರಲಿ.

ಅಪ್ಪನನ್ನು ಕೇಳಿದೆ. ಹುಟ್ಟಿದಾಗಿನಿಂದ ಮೊದಲ ಸಲ. ನಮ್ಮ ಮನೆಯಲ್ಲಿ ಆ ಶರತ್ಕಾಲವನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ. ಮರುವರ್ಷವೇ ವರ್ಗ ಮಾಡಿಸಿಕೊಂಡು ಊರು ಬಿಟ್ಟೆವು, ಅಷ್ಟೇ ನನಗೆ ಗೊತ್ತಿದ್ದದ್ದು.

ಮೊದಲ ದಿನ ಕೇಳಿದಾಗ, “ಈ ಸಲ ನಮ್ಮ ಟೀಮಲ್ಲಿ ಚೆಂಡು ಎಸೆಯೋರೇ ಸರಿಯಿಲ್ಲ” ಎಂದರು. ಎರಡನೆಯ ದಿನ ಕೇಳಿದೆ. ಕಲ್ಲಂಗಡಿ ತಿನ್ನುತ್ತಾ, “ಬೀಜ ಜಾಸ್ತಿ” ಎಂದರು. ಮೂರನೆಯ ದಿನ ನಾನು ಟೀವಿ ಆರಿಸಿದೆ. ಜೀವಮಾನದಲ್ಲಿ ಅವರ ಮುಂದೆ ಟೀವಿ ಆರಿಸಿದವಳಲ್ಲ.

“ಅಪ್ಪಾ, ಫುಸಾ ಅತ್ತೆ ಒತ್ತದೇ ಇದ್ದಿದ್ರೆ ನೀರು ಬಿಡ್ತಿರ್ಲಿಲ್ವಾ?”

“ಹಚ್ಚು ಅದನ್ನ.”

“ಹೇಳಿ, ಹಚ್ತೀನಿ.”

ಕಪ್ಪು ಪರದೆಯನ್ನು ನೋಡುತ್ತಲೇ, ಹವಾಮಾನ ಹೇಳುವವರ ದನಿಯಲ್ಲಿ ಹೇಳಿದರು: “ಬಿಟ್ಟಾಗಿತ್ತು. ನಾನು ಅವರ ಮನೆಗೆ ಗುಡ್ಡ ಹತ್ತೋ ಹೊತ್ತಿಗೆ ಪಂಪು ಶುರುವಾಗಿತ್ತು. ಬೆಳಿಗ್ಗೆ ಬೆಳಿಗ್ಗೇನೇ. ‘ಕಾಗದ ಆಮೇಲೆ ಸರಿ ಮಾಡ್ಕೊಳ್ಳೋಣ, ಮಧ್ಯಾಹ್ನದೊಳಗೆ ಎಲ್ಲ ಒತ್ತಿಸ್ಕೊಂಡು ಬಾ’ ಅಂದ್ರು.”

“ಯಾರು ಅಂದ್ರು?”

“ಸತ್ತುಹೋದ್ರು ಅವರೆಲ್ಲ. ಹಚ್ಚು.”

ಹಚ್ಚಿದೆ. ಇನ್ನೇನು ಮಾಡಲಿ? ಹೊರಗೆ ಬಂದು ಸೈಕಲ್ ನಿಲ್ಲಿಸುವ ಜಾಗದಲ್ಲಿ ಕೂತುಬಿಟ್ಟೆ.

ನಾಚ್ಚಾನ್, ನಿನ್ನಮ್ಮನ ಕೈಯಲ್ಲಿ ಏನೂ ಇರಲಿಲ್ಲ. ಅವರು ಮೊಹರು ಹುಡುಕುತ್ತಿದ್ದಾಗ ನೀರು ಆಗಲೇ ಕೆಳಗೆ ಹೋಗುತ್ತಿತ್ತು.

ಇದನ್ನು ಬರೆದು ಹತ್ತು ಪುಟ ಮುಗಿಸಿ ಮುನೆಕಾತಾ ಅವರಿಗೆ ಕೊಟ್ಟೆ. ನನ್ನಪ್ಪನ ಹೆಸರಿನ ಸಮೇತ. ಅವರು ಓದಿ, “ತೆರಾಶಿಮಾ-ಸಾನ್, ಓದುಗರು ಕನಸು ಮುಗಿಸಿ ಪುಟ ತಿರುಗಿಸಿದ ಕೂಡಲೇ ಮುಖಕ್ಕೆ ತಣ್ಣೀರು ಎರಚಿದ ಹಾಗಾಗುತ್ತೆ” ಎಂದರು. “ಎರಚಬೇಕು” ಎಂದೆ. ಆ ಕಂಪನಿಯ ವಾರಸುದಾರರು, ವಕೀಲರು, ಏನೇನೋ ಹೇಳಿದರು. ಇನ್ನೂ ಜಗಳ ನಡೆಯುತ್ತಿದೆ.

ಫುಸಾ ಅತ್ತೆಗೆ ಇದನ್ನು ಹೇಳುವುದೋ ಬಿಡುವುದೋ ನೀನೇ ತೀರ್ಮಾನ ಮಾಡು.

ರಿತ್ಸುಕೊ


ಯುನೊಸವಾ
ಸೆಪ್ಟೆಂಬರ್ 11

‘ನೀನೇ ತೀರ್ಮಾನ ಮಾಡು.’ ಅಪ್ಪನ ಮಗಳು ನೀನು. ಬಾಗಿಲಿಗೆ ಬಂದು, ಮುಂದಿಟ್ಟು, ನೀವೇ ಒತ್ತಿ ಎನ್ನುವುದು.

ಹೋದ ವಾರ ಭೂಕಂಪದಲ್ಲಿ ಇಡೀ ಹೊಕ್ಕೈಡೋಗೆ ಕರೆಂಟು ಹೋಯಿತಲ್ಲ, ಹೋಟೆಲು ಮುಚ್ಚಿದ್ದೆ. ಅಮ್ಮನೂ ನಾನೂ ಎದುರುಬದುರು ಕೂತಿದ್ದೆವು, ಮಾಡಲು ಕೆಲಸವಿರಲಿಲ್ಲ. ಹೇಳಿಬಿಟ್ಟೆ. ಸಮಾಧಾನವಾಗುತ್ತದೆ ಎಂದುಕೊಂಡೆ, ದಡ್ಡಿ ನಾನು. ನಿನ್ನದೇನೂ ತಪ್ಪಿಲ್ಲಮ್ಮ, ನೀರು ಮೊದಲೇ ಬಿಟ್ಟಿದ್ದರು ಎಂದೆ.

ಅವಳು ಮೂರು ದಿನ ಮಾತಾಡಲಿಲ್ಲ. ನಿದ್ದೆಯೂ ಹೋಯಿತು. ನಾಲ್ಕನೆಯ ದಿನ ಕರೆಂಟು ಬಂದು ಮೇಷ್ಟರೂ ಬಂದು ಪುಸ್ತಕ ತೆರೆದರು. ಅಮ್ಮ ಅವರ ಕೈಯಿಂದ ಅದನ್ನು ತೆಗೆದು ಮುಚ್ಚಿದಳು.

“ನದಿ ಬಂದಿದ್ರೆ ಸುಮ್ನಿರ್ತಿದ್ದೆ,” ಎಂದಳು ನನಗೆ. “ಮೊದ್ಲೇ ಬಿಟ್ಟಿದ್ರು ಅಂದ್ರೆ, ಮತ್ತೆ ನನ್ನ ಮನೆಗ್ಯಾಕೆ ಬಂದ? ನನ್ನ ಕೈಯಲ್ಲಿ ಯಾಕೆ ಒತ್ತಿಸ್ದ?” ಅಂಥ ಸಿಟ್ಟನ್ನು ನಾನು ಅವಳಲ್ಲಿ ನೋಡಿಯೇ ಇರಲಿಲ್ಲ. ಅವಳಿಗೆ ಸಿಟ್ಟು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಸಪ್ಪೊರೊಗೆ ಹೋಗಬೇಕಂತೆ. ನಿನ್ನಪ್ಪನನ್ನೇ ಕೇಳಬೇಕಂತೆ. ಎಪ್ಪತ್ತೆಂಟು ವಯಸ್ಸು, ಮಂಡಿ ಮಡಚುವುದಿಲ್ಲ, ಹೇಳಿದರೆ ಕೇಳುತ್ತಿಲ್ಲ. ಆರೈಕೆ ಮನೆಯವರಿಗೆ ನೀನು ಹೇಳಿಡು. ನೀನು ಬರಬೇಡ. ನೀನು ಬಂದರೆ ನಿನ್ನನ್ನು ಸಮಾಧಾನ ಮಾಡುವುದೇ ಕೆಲಸವಾಗುತ್ತದೆ.

ನಾತ್ಸುಯೊ


ಟೋಕಿಯೋ
ಸೆಪ್ಟೆಂಬರ್ 19

ನಾಚ್ಚಾನ್,

ಹೇಳಿಟ್ಟಿದ್ದೇನೆ. ಮಂಗಳವಾರ ಮಧ್ಯಾಹ್ನ ಒಳ್ಳೆಯದಂತೆ, ಸ್ನಾನ ಮಾಡಿಸಿರುತ್ತಾರೆ. ಅಪ್ಪನಿಗೆ ಫೋನಿನಲ್ಲಿ ತಿಳಿಸಿದೆ. “ಹೂಂ” ಎಂದರು. ಅವರು ಏನೂ ಮಾತಾಡದೇ ಇರಬಹುದು. ಅದಕ್ಕೆ ಸಿದ್ಧವಾಗಿ ಹೋಗಿ.

ಹಿನ್ನೆಲೆ, ಸಂದರ್ಭದ ಹತ್ತು ಪುಟ ಬರುವುದಿಲ್ಲ. ನಾನೇ ವಾಪಸು ತೆಗೆದುಕೊಂಡೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನಿಜ ಹೇಳಿ ಮುಂದೆ ದೊಡ್ಡಕ್ಷರದಲ್ಲಿ ನದಿಯನ್ನೇ ನಡೆಸಿದರೆ ಏನಾದಂತಾಯಿತು? ಏಳನೆಯ ಅಧ್ಯಾಯವನ್ನೇ ಮತ್ತೆ ಬರೆದಿದ್ದೇನೆ. ನೀರನ್ನು ಮನುಷ್ಯರು ಬಿಡುತ್ತಾರೆ. ಒಬ್ಬ ಮನುಷ್ಯ ಗುಡ್ಡ ಹತ್ತುತ್ತಾನೆ. ಪುಸ್ತಕದ ಆ ಭಾಗ ಮೊದಲಿನಷ್ಟು ಚೆನ್ನಾಗಿಲ್ಲ, ಮುನೆಕಾತಾ ಓದಿ ಹಾಗೆಂದದ್ದು ಸರಿ. ಬಹುಮಾನ ಕೊಟ್ಟವರಲ್ಲಿ ಒಬ್ಬರು ಕೇಳಿ ನೊಂದುಕೊಂಡರಂತೆ. ಇದು ಸಾಕೋ ಸಾಲದೋ ನನಗೆ ತಿಳಿಯುತ್ತಿಲ್ಲ. ಸಾಲದು ಎಂದೇ ನೀನು ಬರೆಯುತ್ತೀಯ.

ರಿತ್ಸುಕೊ


ಯುನೊಸವಾ
ಅಕ್ಟೋಬರ್ 8

ರಿಚ್ಚಾನ್,

ಸಾಲದು. ಆದರೂ ಕಳಿಸು, ಓದುತ್ತೇನೆ.

ಹೋಗಿ ಬಂದೆವು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀನು ಅದಕ್ಕೆ ರೆಕ್ಕೆ ಪುಕ್ಕ ಹಚ್ಚಬೇಡ.

ಅಮ್ಮ ನೀಲಿ ಸೂಟು ಹಾಕಿಕೊಂಡಳು. ದಾರಿಯಲ್ಲಿ ಒಂದು ಡಬ್ಬ ಸಿಹಿಯಾದರೂ ಕೊಳ್ಳೋಣ, ಬರಿಗೈಯಲ್ಲಿ ಹೋಗುವುದು ಹೇಗೆ ಎಂದೆ. “ಬರಿಗೈಯಲ್ಲೇ ಹೋಗೋದು” ಎಂದಳು. ನಿನ್ನಪ್ಪನನ್ನು ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂರಿಸಿದ್ದರು, ತಲೆ ಬಾಚಿತ್ತು. ಟೀವಿ ಆರಿತ್ತು. ಅದನ್ನು ಅವರೇ ಆರಿಸಿದ್ದಂತೆ, ನರ್ಸು ಹೇಳಿದಳು.

ಅಮ್ಮನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಕುರ್ಚಿಯ ಹಿಡಿ ಹಿಡಿದುಕೊಂಡು ತಲೆ ಬಗ್ಗಿಸತೊಡಗಿದರು, ಹಣೆ ಮಂಡಿಗೆ ತಗಲುವ ಹಾಗೆ.

“ಬಗ್ಗಬೇಡಿ,” ಎಂದಳು ಅಮ್ಮ. “ಬಗ್ಗಿದ್ರೆ ಮುಖ ಕಾಣ್ಸಲ್ಲ ನಂಗೆ.”

ಅವರು ನೆಟ್ಟಗೆ ಕೂತರು. ಅಮ್ಮ ಎದುರಿಗೆ ಕುರ್ಚಿ ಎಳೆದುಕೊಂಡಳು. ನನ್ನನ್ನು ಬಾಗಿಲ ಹತ್ತಿರವೇ ನಿಲ್ಲು ಎಂದು ಸನ್ನೆ ಮಾಡಿದಳು.

“ತೆರಾಶಿಮಾ-ಸಾನ್, ಅವತ್ತು ನಮ್ಮನೇಲಿ ಟೀ ಕುಡಿದ್ರಿ.”

“ಕುಡಿದೆ.”

“ನೀರು ಬಿಟ್ಟಾಗಿತ್ತು ಅಂತ ಆಗ್ಲೇ ಗೊತ್ತಿತ್ತು.”

“ಗೊತ್ತಿತ್ತು.”

“ನಾನು ಅರ್ಧ ಗಂಟೆ ಅತ್ತೆ. ಯೋಚನೆ ಮಾಡ್ತೀನಿ ಅಂದೆ. ಯೋಚನೆ ಮಾಡಿ ಅಂದ್ರಿ ನೀವು.”

“ಕಂಪನಿಯವರು ಹೇಳಿದ್ರು—”

“ಕಂಪನಿ ವಿಷ್ಯ ಕೇಳಕ್ಕೆ ಬರ್ಲಿಲ್ಲ. ನಾನು ಒಲ್ಲೆ ಅಂದಿದ್ರೆ ಏನು ಮಾಡ್ತಿದ್ರಿ?”

ಅವರು ಅಮ್ಮನ ಮುಖ ನೋಡಿಯೇ ಉತ್ತರ ಕೊಟ್ಟರು.

“ನೀವು ಒಪ್ಪೋವರೆಗೂ ಅಲ್ಲೇ ಕೂತಿರ್ತಿದ್ದೆ.”

“ನೀರು?”

“ಹೋಗ್ತಾನೇ ಇರ್ತಿತ್ತು.”

ಅಮ್ಮ ತಲೆಯಾಡಿಸಿದಳು. “ಸರಿ. ಅಷ್ಟೇ ಬೇಕಾಗಿತ್ತು ನಂಗೆ.” ಎದ್ದಳು. ಅವರು ಅವಳ ಹೆಸರು ಕರೆದರು, ಏನೋ ಹೇಳಲು ಹೊರಟರು, ಕ್ಷಮೆ ಎಂಬ ಮಾತಿನ ಮೊದಲ ಅಕ್ಷರ ಬಂತು. ಅಮ್ಮ ನಿಲ್ಲಲಿಲ್ಲ. ಮೊಣಕಾಲು ನೋವಿನಲ್ಲೂ ಎಷ್ಟು ಬೇಗ ನಡೆದಳೆಂದರೆ ಲಿಫ್ಟಿನ ಹತ್ತಿರ ಅವಳನ್ನು ಹಿಡಿಯಲು ನಾನು ಓಡಬೇಕಾಯಿತು. ನಿನ್ನಪ್ಪ ಆಮೇಲೆ ಏನು ಮಾಡಿದರೋ ನನಗೆ ಗೊತ್ತಿಲ್ಲ. ಬೇಕಾದರೆ ನರ್ಸನ್ನು ಕೇಳು.

ನನಗೆ ನಿರಾಸೆಯಾಯಿತು, ನಿಜ ಹೇಳುತ್ತೇನೆ. ಅವಳು ಕೂಗಾಡುತ್ತಾಳೆ, ಅವರು ಅಳುತ್ತಾರೆ, ಏನೋ ಒಂದು ಇತ್ಯರ್ಥವಾಗುತ್ತದೆ ಎಂದುಕೊಂಡಿದ್ದೆ. ಅಷ್ಟು ದೂರ ಹೋಗಿದ್ದು ನಾಲ್ಕು ಮಾತಿಗೆ. ನಿನ್ನ ಮೇಲಿನ ಸಿಟ್ಟೂ ಹೋಗಿಲ್ಲ, ಅವರ ಮೇಲಿನದೂ ಹೋಗಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಕೂತಳು. ಊರು ದಾಟಿ ಜೋಳದ ಹೊಲಗಳು ಶುರುವಾದವು. ಇದ್ದಕ್ಕಿದ್ದಂತೆ ಅವಳು ಹೇಳಿದಳು: “ನಿಮ್ಮಪ್ಪ ಜೋಳ ತಿಂದ್ರೆ ಹಲ್ಲು ಚುಚ್ತಾ ಕೂತಿರೋನು. ಇಡೀ ಸಂಜೆ. ಅಸಹ್ಯ.”

ನಾನು ಅವಳ ಕಡೆ ತಿರುಗಿದೆ.

“ಹಾಡ್ಕೂಡ್ದು ಅಂತ ಬಾರಿಂದ ಆಚೆ ಹಾಕಿದ್ರು ಒಂದ್ಸಲ. ಕತ್ತೆ ದನಿ. ನಂಗೆ ಗೊತ್ತಿಲ್ದೆ ಚಳಿಗಾಲದ ಕೋಟು ಅಡ ಇಟ್ಟು ನಿನ್ನ ತಮ್ಮನಿಗೆ ಆಟದ ರೈಲು ತಂದ. ರೈಲು! ಇಡೀ ಚಳಿಗಾಲ ನಡುಗ್ಕೊಂಡು ಹೋಗ್ತಿದ್ದ, ಕೇಳಿದ್ರೆ ಬೆವರ್ತಿದೀನಿ ಅನ್ನೋನು. ಹೇಳಿದ ಮಾತು ಒಂದೂ ಕೇಳ್ತಿರ್ಲಿಲ್ಲ. ಕ್ಯಾರೆಟ್ ಆರಿಸಿ ಆರಿಸಿ ನನ್ನ ಬಟ್ಟಲಿಗೆ ಹಾಕೋನು, ಮಗು ಥರ...”

ಹೀಗೆ ಬೈಯುತ್ತಲೇ ಇದ್ದಳು, ರಿಚ್ಚಾನ್. ಮೂವತ್ತೊಂಬತ್ತು ವರ್ಷದ ಬೈಗುಳ. ಮುಂದಿನ ಸೀಟಿನವರು ತಿರುಗಿ ನೋಡಿದರು. ಬಸ್ಸು ಸುರಂಗ ದಾಟಿ, ಸೇತುವೆ ದಾಟಿ, ನಮ್ಮ ಬೆಟ್ಟಗಳು ಕಾಣತೊಡಗಿದವು. ಊರು ಇನ್ನೂ ಸ್ವಲ್ಪ ದೂರ ಇರಬಾರದಿತ್ತೇ ಎನ್ನಿಸಿತು ನನಗೆ.

ನಾಚ್ಚಾನ್